ನೀಲಿಗೆ ತಿರುಗದ ಹಳದಿ

ಕೆಲಸಕ್ಕೆ ಸೇರಿದ ಮೊದಲ ದಿನವೇ ಪರೇಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆದರು. ನನಗೆ ಕಾಯಿಲೆಯೇನೂ ಇರಲಿಲ್ಲ. ರೋಗಿಯ ರಕ್ತದ ಪಕ್ಕದಲ್ಲಿಟ್ಟು ನೋಡಲು ಗಟ್ಟಿಮುಟ್ಟಾದವನೊಬ್ಬನ ರಕ್ತ ಬೇಕಿತ್ತು, ಹೊಸಬ ಸಿಕ್ಕಿದ್ದೆ. ನಮ್ಮ ಧಾರವಾಡದಲ್ಲಾದರೆ ಹೊಸಬನಿಗೆ ಮೊದಲು ಚಹಾ ಕೊಡುತ್ತಾರೆ. ಇಲ್ಲಿ ಚಹಾ ಆಮೇಲೆ ಬಂತು, ಅದೂ ಅರ್ಧ ಲೋಟ.

ಇರುವುದಕ್ಕೆ ಬೈಕುಲ್ಲಾದ ವಠಾರದಂಥ ಚಾಳಿನಲ್ಲಿ ಒಂದು ಖೋಲಿ, ಎಂದರೆ ಕೋಣೆ. ಅದರಲ್ಲಿ ಆರು ಜನ. ಊರಲ್ಲಿ ನಮ್ಮ ಎತ್ತಿಗೂ ಇದಕ್ಕಿಂತ ಹೆಚ್ಚು ಜಾಗವಿತ್ತು ಎಂದರೆ ಯಾರೂ ನಗುತ್ತಿರಲಿಲ್ಲ. ಅವರಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ.

ನನ್ನ ಕೆಲಸ ಒಂದು ಹಳದಿ ಬಣ್ಣದ ಜೊತೆ. ರಕ್ತದ ಬಿಳಿಕಣ ರೋಗಾಣುವನ್ನು ನುಂಗಿದ ಮೇಲೆ, ಆಮ್ಲಜನಕವನ್ನು ಉಗ್ರರೂಪಕ್ಕೆ ತಿರುಗಿಸಿ ಅದರಿಂದ ಆ ರೋಗಾಣುವನ್ನು ಕೊಲ್ಲುತ್ತದೆ. ಆ ಉಗ್ರ ಆಮ್ಲಜನಕ ಕಣ್ಣಿಗೆ ಕಾಣುವುದಿಲ್ಲ, ಹುಟ್ಟಿದ ಕ್ಷಣವೇ ಮಾಯ. ಆದರೆ ಈ ಹಳದಿಯನ್ನು ರಕ್ತಕ್ಕೆ ಬೆರೆಸಿ ಬೆಚ್ಚಗಿಟ್ಟರೆ, ಆ ಆಮ್ಲಜನಕ ತಾಗಿದಲ್ಲಿ ಬಣ್ಣ ಕಡುನೀಲಿಯಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನನ್ನ ಬಿಳಿಕಣಗಳೆಲ್ಲ ನೀಲಿ.

ಬಸಪ್ಪಣ್ಣ ರೋಣದ ಕಡೆಯವರು, ಗಿರಣಿ ಕಾರ್ಮಿಕರು. ಎರಡು ವರ್ಷದ ಮಗ ಮಲ್ಲುವನ್ನು ನಮ್ಮ ಆಸ್ಪತ್ರೆಗೆ ಸೇರಿಸಿದ್ದರು; ಮೈತುಂಬ ಕುರು, ಒಂದು ಒಣಗುವಷ್ಟರಲ್ಲಿ ಇನ್ನೊಂದು. ನನ್ನ ಹೆಸರು ಕೇಳಿ, "ನಮ್ಮ ಕಡೆಯವರ ಅದೀರಲ್ರಿ!" ಎಂದರು. ಮರುದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದರು. ಊರು ಬಿಟ್ಟು ತಿಂಗಳಾದ ಮೇಲೆ ಅಂದು ಹೊಟ್ಟೆ ತುಂಬ ಉಂಡೆ, ಬಾಯಿ ತುಂಬ ಮಾತಾಡಿದೆ.

ಮಲ್ಲುವಿನ ರಕ್ತವನ್ನು ಮೂರು ಸಲ ನೋಡಿದೆ. ಒಂದು ಕಣವೂ ನೀಲಿಯಾಗಲಿಲ್ಲ. ಡಾಕ್ಟರ್ ಬಾಯಿ, ಎಂದರೆ ಡಾಕ್ಟರಮ್ಮ, ಮರಾಠಿಯಲ್ಲಿ ಬಿಡಿಸಿ ಹೇಳಿದಾಗಲೆಲ್ಲ ಬಸಪ್ಪಣ್ಣ ತಲೆಯಾಡಿಸಿ ಬಂದುಬಿಡುತ್ತಿದ್ದರು. ಕೊನೆಗೆ ಆಕೆ ನನಗೆ, "ತೂಚ್ ಸಾಂಗ್" ಎಂದರು. ನೀನೇ ಹೇಳು ಎಂದು.

"ಬಣ್ಣ ಬರಲಿಲ್ಲ ಬಸಪ್ಪಣ್ಣ" ಎಂದೆ.

ಅವರ ಮುಖ ಅರಳಿತು. "ಹಂಗಾರ ಏನೂ ಇಲ್ಲನ್ರಿ? ನನಗ ಟೀಬಿ ಐತೇನಂತ ಕಫಾ ನೋಡಿದಾಗೂ ಹಿಂಗ ಅಂದಿದ್ರು. ಬಣ್ಣ ಹಿಡದಿಲ್ಲ, ಆರಾಮ ಅದೀ ಹೋಗಪಾ ಅಂದ್ರು. ಇವತ್ತ ಕೂಸಿನ್ನ ಮನೀಗೆ ಒಯ್ಯತೀನ್ರಿ."

ಸುಮ್ಮನಿದ್ದುಬಿಡೋಣ ಅನಿಸಿತು. ಹಾಗೆ ಅನಿಸಿದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೇ ಸಿಟ್ಟಿದೆ. ಹೇಳದಿದ್ದರೆ ಮುಂದಿನ ಜ್ವರಕ್ಕೆ ಮಗುವನ್ನು ಆಸ್ಪತ್ರೆಗೆ ತರುವವರು ಯಾರು?

"ಇದರಾಗ ಬಣ್ಣ ಬರಬೇಕಿತ್ತೋ ಯಣ್ಣಾ. ಬಂದ್ರ ಚಲೋ. ಅವನ ರಕ್ತಕ್ಕ ರೋಗ ಕೊಲ್ಲೋ ಶಕ್ತಿನ ಇಲ್ಲ, ಹುಟ್ಟಿದಾಗಿಂದ ಇಲ್ಲ."

"ಔಷಧಾ?"

"ಕುರು ಎದ್ದಾಗ ಕುರುವಿಗೆ ಕೊಡತಾರ. ಇದಕ್ಕ ಇಲ್ಲ."

ಬಸಪ್ಪಣ್ಣ ಬೆಂಚಿನ ಮೇಲೆ ಕುಳಿತರು. ಸಿಟ್ಟಿಲ್ಲದೆ ಹೇಳಿದರು: "ಡಾಕ್ಟರ್ ಬಾಯಿ ಮರಾಠ್ಯಾಗ ಹೇಳಿದ್ದು ನನಗ ಅರ್ಧಾನ ತಿಳೀತಿತ್ರಿ. ತಿಳೀದ ಅರ್ಧದಾಗ ನನ್ನ ಮಗಾ ಬದುಕಿದ್ದ. ನೀವು ಎಲ್ಲಾ ತಿಳಿಯೂವಂಗ ಹೇಳಿಬಿಟ್ರಿ."

ಮಳೆಗಾಲ ಮುಗಿಯುವಷ್ಟರಲ್ಲಿ ಮಲ್ಲು ತೀರಿಕೊಂಡ. ಬಸಪ್ಪಣ್ಣ ಮತ್ತೆ ನನ್ನ ಕಡೆ ಬರಲಿಲ್ಲ.

ಈಗ ಮಲಾಡಿನಲ್ಲಿ ನನ್ನದೇ ಒಂದು ಕೋಣೆಯಿದೆ. ಮರಾಠಿ ಸರಾಗವಾಗಿ ಬರುತ್ತದೆ. ಲೋಕಲ್‌ ರೈಲಿನಲ್ಲಿ ಯಾರಾದರೂ ಕನ್ನಡ ಆಡಿದರೆ ಕಿವಿ ತಾನಾಗಿ ಅತ್ತ ಹೋಗುತ್ತದೆ, ಎದೆ ತುಂಬಿ ಬರುತ್ತದೆ. ನಾನು ಕೇಳಿಸಿಕೊಳ್ಳುತ್ತಿರುವುದು ಗೊತ್ತಾಗಿ ಅವರು, "ಯಾವ ಕಡೆಯವರ್ರಿ ನೀವು?" ಎನ್ನುತ್ತಾರೆ. ಎಲ್ಲಾ ತಿಳಿಯುವಂತೆ ಹೇಳಿಬಿಟ್ಟ ಆ ದಿನ ನೆನಪಾಗುತ್ತದೆ. ನಾನು ಕನ್ನಡ ಬಾರದವನಂತೆ ಮರಾಠಿಯಲ್ಲಿ "ಕಾಯ್?", ಏನು, ಎಂದು ಕೇಳಿ, ಕಿಟಕಿಯ ಕಡೆ ತಿರುಗಿಕೊಳ್ಳುತ್ತೇನೆ.