ಸುಟ್ಟ ತೊಗಟೆಯ ದೂಪ

ಕೆಂಡದ ಮೇಲೆ ದೂಪದ ಚೂರು ಹಾಕಿದ ಕೂಡಲೇ ನನ್ನ ಮೂಗಿಗೆ ಗೊತ್ತಾಯಿತು. ದೂಪದ ಪರಿಮಳ ಇತ್ತು, ಇಲ್ಲ ಅಂತ ಅಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದು ವಾಸನೆ... ಹಸಿ ತೊಗಟೆ ಸುಟ್ಟದ್ದು. ತೆಂಗಿನ ಗೆರಟೆಯ ಕೆಂಡ, ಮೇಲೆ ಕವುಚಿ ಹಾಕಿದ ಬೆತ್ತದ ಬುಟ್ಟಿ, ನನ್ನ ತೊಡೆಯಲ್ಲಿ ಆಗ ತಾನೇ ಮೀಯಿಸಿ ತಂದ ಮೊಮ್ಮಗಳು. ಇಪ್ಪತ್ತೆರಡು ದಿನದ ಕೂಸು. ಅವಳ ತಲೆಯನ್ನು ಹೊಗೆಗೆ ಹಿಡಿಯಬೇಕು ಅಂತ ಕೈ ಚಾಚಿದವಳು ಹಾಗೆಯೇ ಎಳೆದುಕೊಂಡೆ.

ನಾನು ಅಜ್ಜಿಯಾದದ್ದು ಇದೇ ಮೊದಲು. ಸಂತೋಷ ಹೇಳಿ ಮುಗಿಯುವುದಿಲ್ಲ ಮಾರಾಯ್ರೆ. ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದ್ದೇನೆ, ಪೋಸ್ಟಿನವನನ್ನೂ ಬಿಡಲಿಲ್ಲ. ಅವಳ ಮೂಗು ಮಾತ್ರ ನನ್ನದು, ಉಳಿದದ್ದು ಯಾರದ್ದಾದರೂ ಆಗಲಿ. ಇಷ್ಟು ಸಂತೋಷದ ನಡುವೆ ಆ ವಾಸನೆ ಬಂದು ಕೂತಿತು. ಅದರ ಹಿಂದೆಯೇ ಅವರೂ ಬಂದರು. ನಮ್ಮ ವಾಚರಣ್ಣ.

ಮೂವತ್ತು ವರ್ಷದ ಮೇಲಾಯಿತು. ನಮ್ಮ ಊರು ಘಟ್ಟದ ಬುಡದಲ್ಲಿ ಉಂಟು. ನಮ್ಮ ಗುಡ್ಡೆ ಹತ್ತಿದರೆ ಒಂದು ಗಡಿಕಲ್ಲು, ಅದರಿಂದ ಆಚೆ ರಾಷ್ಟ್ರೀಯ ಉದ್ಯಾನ. ಆ ಕಲ್ಲಿನ ಆಚೆಯದ್ದನ್ನು ಕಾಯುವುದು ವಾಚರಣ್ಣನ ಕೆಲಸ. ಪುಂಜಾಲಕಟ್ಟೆ ಕಡೆಯವರು, ನಮ್ಮ ಪಕ್ಕದ ಬಿಡಾರದಲ್ಲಿ ಒಬ್ಬರೇ ಇದ್ದರು. ಫಾರೆಸ್ಟಿನವರ ದಿನಗೂಲಿ. ಕೋವಿ ಇಲ್ಲ, ಬೂಟೂ ಇಲ್ಲ. ಮಾಸಿದ ಖಾಕಿ ಅಂಗಿ, ಸೊಂಟದಲ್ಲಿ ಕತ್ತಿ, ಕಂಕುಳಲ್ಲಿ ಕೊಡೆ.

ಮೃದು ಮನುಷ್ಯ, ಆದರೆ ಕಾಡಿಗೆ ಕೈ ಹಾಕಿದವನನ್ನು ಕಂಡರೆ ಮೃದು ಎಲ್ಲ ಹಾರಿ ಹೋಗುತ್ತಿತ್ತು. ತುಳುವಿನಲ್ಲಿ ಬೈದರೆ ಗುಡ್ಡೆಯ ಕೆಳಗೆ ನಮಗೆ ಕೇಳುತ್ತಿತ್ತು. ತೋಡಿನ ಗುಂಡಿಗೆ ಮೈಲುತುತ್ತಿನ ವಿಷ ಹಾಕಿ ಮೀನು ಹಿಡಿದವನ ಮನೆಗೆ ಸತ್ತ ಮರಿಮೀನನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಹೋಗಿ ಅಂಗಳಕ್ಕೆ ಸುರಿದು, "ಇಷ್ಟನ್ನು ಬಿಟ್ಟು ಬಂದಿದ್ದೆಯಲ್ಲ, ತಿನ್ನು" ಅಂದವರು ಅವರು. ಕುಡಿದು ಬಾಟಲಿ ಒಡೆದವರ ಜಗಲಿಯಲ್ಲಿ ಮರುದಿನ ಬೆಳಿಗ್ಗೆ ಆ ಗಾಜಿನ ಚೂರುಗಳೆಲ್ಲ ಬಾಳೆಲೆಯಲ್ಲಿ ಬಡಿಸಿಟ್ಟ ಹಾಗೆ ಇರುತ್ತಿದ್ದವು. ಊರಿನವರಿಗೆ ನಗು. ಬಾಟಲಿಯವರಿಗೆ ನಗು ಬರಲಿಲ್ಲ.

ನಾನು ಏಳು ತಿಂಗಳ ಬಸುರಿ ಇದ್ದಾಗ ಅವರನ್ನು ಕೇಳಿದ್ದೆ, ಮಗು ಹುಟ್ಟಿದರೆ ಹೊಗೆ ಹಾಕಲಿಕ್ಕೆ ಚೂರು ದೂಪ ತಂದುಕೊಡ್ತೀರಾ ಅಂತ.

"ತರುವ ಹಾಗಿಲ್ಲ ಅಕ್ಕಾ. ಬಿದ್ದ ಎಲೆಯೂ ಕಾಡಿನದ್ದೇ. ಬೇಕಾದರೆ ದೂಪದ ಮರ ತೋರಿಸ್ತೇನೆ, ಬನ್ನಿ, ಅತ್ತೆಯನ್ನೂ ಕರೆದುಕೊಂಡು ಹೋಗುವ."

ಹೋದೆವು. ಎಂಥ ಮರ ಅದು! ನಾಲ್ಕು ಜನ ಕೈ ಕೈ ಹಿಡಿದರೂ ತಬ್ಬಲಿಕ್ಕೆ ಎಟುಕದು. ಒಂದು ಕಡೆ ತಾನಾಗಿ ಇಳಿದ ದೂಪ, ಬಿಸಿಲು ಬಿದ್ದು ಗಾಜಿನ ಹಾಗೆ ಹೊಳೆಯುತ್ತಿತ್ತು. "ಮರ ತಾನಾಗಿ ಅತ್ತರೆ ಹೀಗೆ" ಅಂದರು. "ಕೆಲವರು ಬುಡಕ್ಕೆ ಸುತ್ತ ಕಚ್ಚು ಹಾಕಿ ಬೆಂಕಿ ಕೊಟ್ಟು ಅಳಿಸ್ತಾರೆ. ಆಗ ದೂಪ ರಾಶಿ ಇಳೀತದೆ, ಅದರ ಒಳಗೆ ಕರಿ ಇರ್ತದೆ. ಮರ ಮತ್ತೆ ಏಳುವುದಿಲ್ಲ. ಈ ಜಾಗ ಯಾರಿಗೂ ಹೇಳಬೇಡಿ ಅಕ್ಕಾ." ನಾನು ಹೊಟ್ಟೆ ಮುಟ್ಟಿಕೊಂಡು, ಹೇಳುವುದಿಲ್ಲ ಅಂದೆ.

ಮಗಳು ಹುಟ್ಟಿ ಇಪ್ಪತ್ತು ದಿನ ಆಗಿರಬೇಕು, ಒಬ್ಬ ಬಂದ. ಬಿಳಿ ಅಂಗಿ, ಕಿಸೆಯಲ್ಲಿ ಬಾಚಣಿಗೆ, ಬಾಯಿ ತುಂಬ ನಗು. ಬಾಗಿಲ ಹೊರಗೆ ನಿಂತು ಕೈ ಮುಗಿದ. "ಅಕ್ಕಾ, ನನ್ನ ತಂಗಿ ಹೆತ್ತಿದ್ದಾಳೆ. ಮಗುವಿಗೆ ಶೀತ, ಉಸಿರು ಕಟ್ಟುತ್ತದೆ. ಹೊಗೆ ಹಾಕಲಿಕ್ಕೆ ಚೂರು ದೂಪ ಎಲ್ಲಾದರೂ ಸಿಕ್ಕೀತಾ?" ನಮ್ಮಲ್ಲಿ ಒಂದು ಕ್ರಮ ಉಂಟು. ಬಾಣಂತಿಯ ಹೆಸರು ಹೇಳಿ ಕೇಳಿದವರಿಗೆ ಇಲ್ಲ ಅನ್ನಬಾರದು. ಅಂದರೆ ನಮ್ಮ ಮಗುವಿಗೆ ದೋಷ. ಜೋಲಿಯಲ್ಲಿ ನನ್ನ ಮಗಳು ಮಲಗಿದ್ದಳು. ದೂಪ ನನ್ನಲ್ಲಿ ಇರಲಿಲ್ಲ... ಮರದ ದಾರಿ ಹೇಳಿದೆ.

ನಾಲ್ಕನೇ ದಿನ ಗುಡ್ಡೆಯ ಮೇಲೆ ಹೊಗೆ ಎದ್ದಿತು. ವಾಚರಣ್ಣ ಕೊಡೆ ಎಸೆದು ಓಡಿದ್ದನ್ನು ಕಂಡೆ. ಸಂಜೆ ಇಳಿದು ಬಂದವರ ಎರಡು ಕೈಯೂ ಮೊಣಕೈವರೆಗೆ ಕಪ್ಪು. ನಮ್ಮ ಅಂಗಳದಲ್ಲಿ ಕೂತು ನೀರು ಕೇಳಿದರು. "ಬುಡ ಸುತ್ತ ಸುಟ್ಟಿದ್ದಾರೆ ಅಕ್ಕಾ" ಅಂದರು, ಅಷ್ಟೇ. ಬೈಗುಳ ಒಂದೂ ಬರಲಿಲ್ಲ. ಅದನ್ನು ನೋಡಿ ನನಗೆ ಹೆದರಿಕೆಯಾಯಿತು.

ಮರುದಿನ ಅವನನ್ನು ದೂಪದ ಗೋಣಿ ಸಮೇತ ವಾಚರಣ್ಣನೇ ರಸ್ತೆಯಲ್ಲಿ ಹಿಡಿದರು. ಬಿಳಿ ಅಂಗಿಯವನೇ. ಇದು ಬೇರೆ ಕಡೆ ಕೊಂಡದ್ದು, ನಾನು ಈ ಊರಿಗೆ ಕಾಲಿಟ್ಟವನೇ ಅಲ್ಲ ಅಂತ ಅವನ ವಾದ. ಇವನು ಇಲ್ಲಿಗೆ ಬಂದದ್ದನ್ನು ಕಂಡವರು ಒಬ್ಬರಾದರೂ ಹೇಳಿ ಸಹಿ ಹಾಕಬೇಕಿತ್ತು. ವಾಚರಣ್ಣ ಮನೆ ಮನೆಗೆ ಹೋದರು. ಕೊನೆಗೆ ನಮ್ಮಲ್ಲಿಗೆ.

"ನೀವು ಏನಾದರೂ ಕಂಡಿದ್ದೀರಾ ಅಕ್ಕಾ?"

"ಇಲ್ಲ. ನಾನು ಬಾಣಂತಿ ಅಲ್ವಾ, ಒಳಗೇ ಇದ್ದೆ."

ಅವರು ನನ್ನ ಮುಖ ನೋಡಿದರು. ಆ ಮರದ ಜಾಗ ಗೊತ್ತಿದ್ದದ್ದು ಅವರಿಗೆ, ನನಗೆ, ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದ ನನ್ನ ಅತ್ತೆಗೆ. ಮೂರೇ ಜನ. ಅವರಿಗೆ ಗೊತ್ತಾಗಿರಲಿಕ್ಕಿಲ್ಲ ಅಂತ ಎಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ... "ಆಯ್ತು ಅಕ್ಕಾ, ಮಗುವಿಗೆ ಶೀತ ಆಗದ ಹಾಗೆ ನೋಡಿಕೊಳ್ಳಿ" ಅಂತ ಹೇಳಿ ಹೊರಟರು.

ಸಾಕ್ಷಿ ಇಲ್ಲದೆ ಅವನನ್ನು ಬಿಟ್ಟರು. ಬಿಟ್ಟ ದಿನ ಅವನು ನಮ್ಮ ಮನೆಯ ಎದುರಿನಿಂದಲೇ ಹೋದ, ಅದೇ ನಗು. ಆ ನಗುವಿಗೆ ಹುಳ ಬೀಳಲಿ, ಇವತ್ತಿಗೂ ಹೇಳುತ್ತೇನೆ. ಸುಳ್ಳು ಆರೋಪ ಮಾಡಿದ ಅಂತ ವಾಚರಣ್ಣನಿಗೆ ನಾಳೆಯಿಂದ ಬರುವುದು ಬೇಡ ಅಂದರು. ಆದರೂ ಊರು ಬಿಡುವವರೆಗೆ ದಿನಾ ಗುಡ್ಡೆ ಹತ್ತಿ, ಆವೆಮಣ್ಣು, ಸೆಗಣಿ ಕಲಸಿ ಆ ಮರದ ಬುಡಕ್ಕೆ ಮೆತ್ತಿ ಬರುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಮತ್ತೆ ಅವರನ್ನು ಕಂಡದ್ದು ಒಮ್ಮೆ ಮಾತ್ರ. ಮಗಳು ಆಗ ಮೂರನೇ ಕ್ಲಾಸು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಒಂದು ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದರು. ಹೇಗಿದ್ದೀರಿ ಅಂತ ಕೇಳಲಿಲ್ಲ, ಮೊದಲ ಮಾತೇ, "ನಮ್ಮ ಮರ ಹೇಗುಂಟು ಅಕ್ಕಾ?"

ಮರ ಹಿಂದಿನ ಮಳೆಗಾಲದಲ್ಲಿ ಬಿದ್ದಿತ್ತು. "ಚಿಗುರಿದೆ" ಅಂದೆ.

ಅವರ ಮುಖ ನೋಡಬೇಕಿತ್ತು. ಒಳಗೆ ದೋಸೆ ಹೊಯ್ಯುವವನಿಗೆ ಕೂಗಿ ಹೇಳಿದರು, "ಏ ಮಾರಾಯ, ನಾನು ಹೇಳಿರಲಿಲ್ವಾ, ಬದುಕ್ತದೆ ಅಂತ!" ಓಡಿ ಹೋಗಿ ಮಗಳ ಕೈಗೆ ಬಿಸಿ ಬನ್ಸ್ ತಂದಿಟ್ಟರು. ಅವಳು ತಿಂದಳು. ನಾನು ಬಸ್ಸಿನ ನೆವ ಹೇಳಿ ಎದ್ದೆ. ಅವರು ತೀರಿಹೋದದ್ದು ನನಗೆ ಗೊತ್ತಾಗುವಾಗ ವರ್ಷ ಕಳೆದಿತ್ತು, ಪುಂಜಾಲಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ ಯಾರೋ ಹೇಳಿದರು... ಚಿಗುರಿದೆ ಅಂತ ನಂಬಿಯೇ ಹೋದರು.

ಹಾಗಾಗಿ ಮೊನ್ನೆ ಆ ವಾಸನೆ ಬಂದಾಗ ನನ್ನ ಮೈ ಉರಿಯಿತು. ಮೊಮ್ಮಗಳನ್ನು ಮಗಳ ಕೈಗೆ ಕೊಟ್ಟು ದೂಪದ ಉಂಡೆ ಒಡೆದು ನೋಡಿದೆ. ಒಳಗೆ ಕರಿ. "ಎಲ್ಲಿಂದ ತಂದದ್ದು ಇದು?" ಅಂದೆ. ನಾನು ಮಗು ಮೀಯಿಸುವಾಗ ಇಬ್ಬರು ಬೈಕಿನಲ್ಲಿ ಬಂದು ಮಾರಿದರಂತೆ. ಹಗ್ಗದಲ್ಲಿ ಒಣಗಲು ಹಾಕಿದ ಮಗುವಿನ ಬಟ್ಟೆ ನೋಡಿ ಮನೆ ಹುಡುಕುತ್ತಾರೆ, ಕಳ್ಳರು! ಹೊರಗೆ ಬಂದರೆ, ಎದುರು ಮನೆಯ ಗೇಟಿನಲ್ಲಿ ಇನ್ನೂ ನಿಂತಿದ್ದರು.

"ಎಲ್ಲಿಯದ್ದು ಈ ದೂಪ?"

"ಕಾಡಿನದ್ದು ಅಜ್ಜಿ, ಅಸಲಿ. ಮೊನ್ನೆ ನಾವೇ ಮೇಲಿಂದ ಇಳಿಸಿದ್ದು."

"ಬೆಂಕಿ ಕೊಟ್ಟು ಇಳಿಸಿದ್ದಾ? ಕಾಡು ನಿನ್ನ ಅಪ್ಪನದ್ದಾ?"

ಒಬ್ಬ ನಕ್ಕ. "ಅಷ್ಟು ದೊಡ್ಡ ಕಾಡು. ಒಂದು ಮರ ಹೋದರೆ ಇನ್ನೊಂದು ಉಂಟಲ್ಲ ಅಜ್ಜಿ."

"ನಿನಗೆ ಕಣ್ಣು ಎರಡು ಉಂಟಲ್ಲ, ಬಾ, ಒಂದು ಕೀಳುವ. ಇನ್ನೊಂದು ಉಂಟಲ್ಲ!"

"ಅಮ್ಮಾ, ಮೆಲ್ಲ, ಮಗು ಏಳ್ತದೆ" ಅಂತ ಒಳಗಿನಿಂದ ಮಗಳು.

"ಏಳಲಿ! ಎದ್ದು ಕೇಳಲಿ, ಅವಳ ಕಾಡನ್ನು ಸುಡುವವರು ಹೇಗಿರ್ತಾರೆ ಅಂತ!"

ಅವರು ಬೈಕು ಹತ್ತಿ ಓಡಿದರು. ನಾನು ಓದಿದ್ದು ನಾಲ್ಕನೇ ಕ್ಲಾಸು, ಆದರೆ ಅಂಕೆ ಬರುತ್ತದೆ. ಆ ದೂಪದ ಒಳಗಿನ ಕರಿಯಿಂದಲೇ ಬೈಕಿನ ನಂಬರು ನಮ್ಮ ಸುಣ್ಣದ ಗೋಡೆಗೆ ಬರೆದೆ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಬೆಳ್ತಂಗಡಿಗೆ ಹೋದೆ. ಫಾರೆಸ್ಟ್ ಕಚೇರಿಯಲ್ಲಿ ಒಬ್ಬ ಚಿಕ್ಕ ಪ್ರಾಯದ ಸಾಹೇಬ. ದೂಪದ ಉಂಡೆ ಮೇಜಿನ ಮೇಲಿಟ್ಟೆ, ನಂಬರು ಕೊಟ್ಟೆ, ಇಬ್ಬರ ಮುಖ ಹೇಳಿದೆ. ಬರೆದುಕೊಂಡ. ಆಮೇಲೆ ಹಳೆಯ ಮರದ ಕತೆ ಸುರು ಮಾಡಿದೆ. "ಅದೆಲ್ಲ ಈಗ ಬೇಡ ಅಜ್ಜಿ, ಇಲ್ಲಿ ಸಹಿ ಹಾಕಿ" ಅಂದ.

"ಪೆನ್ನು ಕೊಡು" ಅಂದೆ. ಸಹಿಗೆ ಮೊದಲು, ಉಳಿದಿದ್ದ ಜಾಗದಲ್ಲಿ ನನ್ನ ಸೊಟ್ಟ ಅಕ್ಷರದಲ್ಲಿ ನಾನೇ ಬರೆದೆ: ಮೊದಲಿನ ಮರ ತೋರಿಸಿಕೊಟ್ಟದ್ದು ನಾನು. ಅವನನ್ನು ಕಂಡವಳೂ ನಾನು. ವಾಚರು ಹೇಳಿದ್ದು ಸತ್ಯ.

ಸಾಹೇಬ ಓದಿ ನನ್ನನ್ನೇ ನೋಡಿದ. ಬರೆದದ್ದನ್ನು ಹೊಡೆದು ಹಾಕಲಿಲ್ಲ.

ಬೈಕಿನವರು ಸಿಕ್ಕಿದ್ದಾರಾ, ಇನ್ನೂ ಗೊತ್ತಿಲ್ಲ. ಕರೆದರೆ ಮುಖ ಗುರುತಿಸಲಿಕ್ಕೆ ಹೋಗುತ್ತೇನೆ, ಹತ್ತು ಸಲ ಕರೆದರೂ ಹೋಗುತ್ತೇನೆ. ಆ ದಿನ ಮನೆಗೆ ಬಂದಾಗ ಹೊತ್ತು ಏರಿತ್ತು. ಮೊಮ್ಮಗಳನ್ನು ಮೀಯಿಸಿ, ಬುಟ್ಟಿ, ಕೆಂಡ ಯಾವುದೂ ಬೇಡ ಅಂತ ಜಗಲಿಗೆ ಬೀಳುವ ಬಿಸಿಲಲ್ಲಿ ತೊಡೆಯ ಮೇಲೆ ಹಾಕಿಕೊಂಡು ಕೂತೆ. ಹಳೆ ಸೀರೆಯ ತುಂಡಿನಿಂದ ತಲೆ ಒರೆಸಿದೆ. ಕೂದಲು ಒಣಗಲು ತುಂಬ ಹೊತ್ತು ಹಿಡಿಯಿತು. ಹಿಡಿಯಲಿ. ಮೂಸಿದೆ. ಹಾಲು, ಎಣ್ಣೆ, ಬಿಸಿಲು. ಸುಟ್ಟ ವಾಸನೆ ಇರಲಿಲ್ಲ.

ಮೂಡುಬಿದಿರೆಯ ಆ ಹೋಟೆಲಿನಲ್ಲಿ ಮಾತ್ರ ಈಗ ಯಾರೂ ಮರ ಹೇಗುಂಟು ಅಂತ ಕೇಳುವುದಿಲ್ಲ...