ಬಿಚ್ಚದ ಅಂಗೈ

ಕರೋನಾ ಕಳೆದ ಮರುವರ್ಷದ ಶ್ರಾವಣ ಸೋಮವಾರ. ಬೆಳಿಗ್ಗೆ ಲಿಂಗಪೂಜೆಗೆ ಕೂತಿದ್ದೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ನೀರು ಹಾಕುವಷ್ಟರಲ್ಲಿ ಬೆರಳುಗಳಲ್ಲಿ ಚಳಕು ಹೊಡೆಯಿತು. ಲಿಂಗ ಕೈಜಾರಿ ನೆಲಕ್ಕೆ ಬಿತ್ತು.

ಲಿಂಗ ಬಿದ್ದವರು ಬಾಳಬಾರದು ಎನ್ನುವ ಮಾತನ್ನು ಅಜ್ಜಿಯ ಬಾಯಿಂದ ಕೇಳುತ್ತಲೇ ಬೆಳೆದವಳು ನಾನು. ಅತ್ತೆ ಒಳಗೆ ಚಹಾ ಕುದಿಸುತ್ತಿದ್ದರು. ಗಬಕ್ಕನೆ ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡೆ. ಯಾರೂ ನೋಡಲಿಲ್ಲ.

ಆಗ ನನಗೆ ನಲವತ್ತು. ಕೀಲುವಾತ ಶುರುವಾಗಿ ನಾಲ್ಕು ವರ್ಷವಾಗಿತ್ತು. ಮಂಠಾಳದ ನಮ್ಮ ಮನೆಯಲ್ಲಿ ಹೊತ್ತಿಗೆ ಹದಿನೈದು ಜೋಳದ ರೊಟ್ಟಿ ಬಡಿಯುತ್ತಿದ್ದವಳು, ಮೊದಲು ರೊಟ್ಟಿ ಬಿಟ್ಟೆ, ಆಮೇಲೆ ಲಟ್ಟಣಿಗೆ ಬಿಟ್ಟೆ, ಕೊನೆಗೆ ಕುಪ್ಪಸದ ಗುಂಡಿ ಹಾಕಿಕೊಳ್ಳಲೂ ಮಗಳನ್ನು ಕರೆಯುವಂತಾಯಿತು. “ಜರಾ ದುಡದ್ರ ಕೈ ತಾವೇ ಸಡಿಲಾಗ್ತಾವ” ಎನ್ನುತ್ತಿದ್ದರು ಅತ್ತೆ. ಕೆಟ್ಟವರಲ್ಲ. ಬಾವು ಕಂಡರೆ ನಂಬುತ್ತಿದ್ದರು, ನೋವು ಕಾಣಿಸುವುದಿಲ್ಲವಲ್ಲ.

ಹುಮನಾಬಾದಿಗೆ ತಿಂಗಳಿಗೊಮ್ಮೆ ಕೀಲುನೋವಿನ ಡಾಕ್ಟರು ಬರುತ್ತಿದ್ದರು. ನಾನು ಬಸವಕಲ್ಯಾಣದ ಬಸ್ ಸ್ಟ್ಯಾಂಡಿಗೆ ಬಂದರೆ ಅಲ್ಲಿ ಇನ್ನಿಬ್ಬರು ಕಾಯುತ್ತಿದ್ದರು. ಹುಲಸೂರಿನ ಕಸ್ತೂರಕ್ಕ, ಕಲ್ಯಾಣದಲ್ಲೇ ಹೊಲಿಗೆ ಮಾಡುತ್ತಿದ್ದ ಮೆಹರುನ್‌ಬಿ. ಇಬ್ಬರೂ ದವಾಖಾನೆಯ ಬೆಂಚಿನ ಮೇಲೆ ಪರಿಚಯವಾದವರು. ಬಸ್ಸಿನ ಮೊದಲ ಮೆಟ್ಟಿಲು ಹತ್ತಲು ಒಬ್ಬರನ್ನೊಬ್ಬರು ಹಿಂದಿನಿಂದ ನೂಕಬೇಕು. ಕಂಡಕ್ಟರ್ ಸೀಟಿ ಹಿಡಿದು ಕಾಯುತ್ತ ನಗುತ್ತಿದ್ದ, ನಾವೂ ನಗುತ್ತಿದ್ದೆವು. ಗುಳಿಗೆಯ ಪಟ್ಟಿಯಿಂದ ಗುಳಿಗೆ ಒತ್ತಿ ತೆಗೆಯುವುದು ನಮ್ಮ ಮೂವರಿಗೂ ಆಗದ ಕೆಲಸ. ಮೆಹರುನ್‌ಬಿ ತನ್ನ ದೊಡ್ಡ ಕತ್ತರಿ ತಂದು, ಎರಡೂ ಕೈಯಲ್ಲಿ ಹಿಡಿದು, ಮೂವರ ಪಟ್ಟಿಗಳನ್ನೂ ಕತ್ತರಿಸಿ ಡಬ್ಬಿಗೆ ತುಂಬಿಕೊಡುತ್ತಿದ್ದಳು.

ಆದರೆ ಲಿಂಗ ಬಿದ್ದ ಮೇಲೆ ನಾನು ಅವರ ಬಳಿಗೂ ಹೋಗಲಿಲ್ಲ. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಸೀರೆ ಟ್ರಂಕಿನ ತಳದಲ್ಲಿಟ್ಟೆ. ಅದನ್ನಿಡುವ ಬೆಳ್ಳಿಯ ಕರಡಿಗೆಯನ್ನು ಮಾತ್ರ ಖಾಲಿಯೇ ಕೊರಳಲ್ಲಿ ಹಾಕಿಕೊಂಡೆ. ದಿನಾ ಪೂಜೆಗೆ ಕೂತಂತೆ ಕೂತು, ಬರಿಗೈ ನೋಡಿಕೊಂಡು ಏಳುತ್ತಿದ್ದೆ. ದೇವರೇ ಕೈಬಿಟ್ಟ ಜೀವಕ್ಕೆ ಔಷಧ ಯಾಕೆ ಎಂದು ಗುಳಿಗೆಯನ್ನೂ ನಿಲ್ಲಿಸಿದೆ. ಹದಿನೈದೇ ದಿನಕ್ಕೆ ಮೊಣಕಾಲು ಊದಿದವು, ಜ್ವರ ಬಂತು. ಎರಡನೇ ತಿಂಗಳಿಗೆ ಹಾಸಿಗೆಯಿಂದ ಏಳಲಾಗದೆ ಮಲಗಿಬಿಟ್ಟೆ. ಹೀಗೇ ಮುಗಿದುಹೋದರೆ ಸಾಕು ಎಂದು ಆಸೆಪಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ?

ಒಂದು ಮಧ್ಯಾಹ್ನ ಬಾಗಿಲಲ್ಲಿ ನನ್ನ ಹೆಸರು ಹಿಡಿದು ಕೇಳುವ ಕಸ್ತೂರಕ್ಕನ ದನಿ ಕೇಳಿಸಿತು. “ಸುವರ್ಣಾನ ಮನಿ ಇದೇ ಏನ್ರಿ?” ಎರಡು ತಿಂಗಳು ನಾನು ಬಾರದ್ದನ್ನು ನೋಡಿ, ಊರಲ್ಲಿ ಕೇಳುತ್ತ ಕೇಳುತ್ತ ಇಬ್ಬರೂ ಬಂದಿದ್ದರು. ನಮ್ಮ ಮನೆಗೆ ಐದು ಮೆಟ್ಟಿಲು. ಕಸ್ತೂರಕ್ಕ ಕೂತುಕೊಂಡೇ, ಒಂದೊಂದಾಗಿ ಹಿಂದಕ್ಕೆ ಸರಿಯುತ್ತ ಅವನ್ನು ಹತ್ತಿದಳಂತೆ. ಸೀರೆಯ ಹಿಂಭಾಗವೆಲ್ಲ ಮಣ್ಣು.

ಅತ್ತೆ ಗಾಬರಿಯಾದರು. “ಯಾರ್ರಿ ನೀವು?”

“ನಾವ್ ಭೀ ಇಕಿ ಜೋಡಿ ಬೆಂಚಿನ ಮ್ಯಾಲ ಕೂಡೋರು, ಅಮ್ಮಾ” ಎಂದಳು ಮೆಹರುನ್‌ಬಿ. ನನ್ನ ಮುಖ ನೋಡಿದ್ದೇ ಅವಳಿಗೆ ಏನೋ ಹೊಳೆಯಿತು. “ಒಂದ್ ಕಪ್ ಚಹಾ ಸಿಗ್ತದೇನ್ರಿ?” ಎನ್ನುತ್ತ ಅತ್ತೆಯ ಹಿಂದೆ ಅಡುಗೆಮನೆಗೆ ಹೋಗಿಬಿಟ್ಟಳು.

ಕಸ್ತೂರಕ್ಕ ನನ್ನ ಕೊರಳಿನ ಕರಡಿಗೆ ಮುಟ್ಟಿದಳು. “ಹಗುರ ಅದಲ್ಲ ತಂಗಿ. ಖಾಲಿ ಅದೇನು?”

ತಡೆಯಲಾಗಲಿಲ್ಲ. ಅಳುತ್ತ ಎಲ್ಲ ಹೇಳಿದೆ. ಬಯ್ಯುತ್ತಾಳೆ, ಇಲ್ಲವೇ ಎದ್ದು ಹೋಗುತ್ತಾಳೆ ಅಂದುಕೊಂಡಿದ್ದೆ. ಪೂಜೆಯಾಗದೆ ಹನಿ ನೀರೂ ಕುಡಿಯದ ಹೆಂಗಸು ಅವಳು. ಬಾಗಿಲ ಕಡೆ ಒಮ್ಮೆ ನೋಡಿದಳು.

“ನಂದು ಮೂರು ಸಲ ಬಿದ್ದದ” ಎಂದಳು ಸಣ್ಣ ದನಿಯಲ್ಲಿ. “ಮನಿಯವರ ಮುಂದ ಸೈತ ಹೇಳಿಲ್ಲ. ನಾ ಸತ್ತೀನೇನು? ಈಗ ತೊಡಿ ಮ್ಯಾಲ ಇಟ್ಕೊಂಡು ಮಾಡ್ತೀನಿ. ಅವ ಏನು ನಮ್ಮ ಕೈ ಚಂದ ನೋಡಾಕ ಬರ್ತಾನೇನು?”

ಅವಳೂ ಅಳುತ್ತಿದ್ದಳು. ಟ್ರಂಕಿನಿಂದ ತೆಗೆದ ಬಟ್ಟೆಯ ಗಂಟು ಬಿಚ್ಚಲು ಅವಳ ಬೆರಳಿಗೆ ಆಗಲಿಲ್ಲ, ನನ್ನ ಬೆರಳಿಗೂ ಆಗಲಿಲ್ಲ. ಕೊನೆಗೆ ಹಲ್ಲಿನಿಂದ ಬಿಚ್ಚಿದಳು. ಆ ದಿನ ನನ್ನ ತೊಡೆಯ ಮೇಲೆಯೇ ಪೂಜೆಯಾಯಿತು. ಅತ್ತೆಗೆ ಲಿಂಗ ಬಿದ್ದ ವಿಷಯ ಇವತ್ತಿಗೂ ಗೊತ್ತಿಲ್ಲ. ಅವರಿಗೆ ಓದಲು ಬರುವುದಿಲ್ಲ, ಆ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ.

ಮುಂದಿನ ತಿಂಗಳು ಮತ್ತೆ ಹುಮನಾಬಾದಿನ ಬಸ್ಸು ಹತ್ತಿದೆ. ನೋವು ಹೋಯಿತು ಎಂದು ಬರೆಯಲು ನನಗೂ ಆಸೆ. ಹೋಗಿಲ್ಲ. ಔಷಧದಿಂದ ಜ್ವರ ಇಳಿಯಿತು, ಎದ್ದು ಓಡಾಡಿದೆ. ಆದರೆ ಬೆರಳುಗಳು ವರ್ಷದಿಂದ ವರ್ಷಕ್ಕೆ ಒಳಕ್ಕೆ ಮಡಚುತ್ತಲೇ ಇವೆ. ಬೆಳಿಗ್ಗೆ ಎಚ್ಚರವಾದ ಕೂಡಲೇ ಇನ್ನೊಂದು ದಿನ ಬಂತಲ್ಲ ಎಂದು ಭಯವಾಗುತ್ತದೆ. ಆ ಭಯವನ್ನು ಬಾಯಿಬಿಟ್ಟು ಹೇಳುವುದು ಬೆಂಚಿನ ಮೇಲೆ ಮಾತ್ರ.

ಕಳೆದ ಚಳಿಗಾಲದಲ್ಲಿ ಕಸ್ತೂರಕ್ಕ ತೀರಿಕೊಂಡಳು. ಸುದ್ದಿ ತಿಳಿದು ನಾನೂ ಮೆಹರುನ್‌ಬಿಯೂ ಹುಲಸೂರಿಗೆ ಹೋಗುವಷ್ಟರಲ್ಲಿ ಹೊಲದಲ್ಲಿ ತೋಡಿದ ಗುಣಿಯೊಳಗೆ ಅವಳನ್ನು ಕೂರಿಸಿದ್ದರು. ನಮ್ಮಲ್ಲಿ ಮಣ್ಣು ಹಾಕುವ ಮುಂಚೆ ಇಷ್ಟಲಿಂಗವನ್ನು ಎಡಗೈಯಲ್ಲಿಡುತ್ತಾರೆ. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಅವಳ ಬೆರಳು ಬಿಡಿಸಲು ನೋಡಿದರು. ಅವು ಬಿಚ್ಚಲಿಲ್ಲ. ಎರಡೂ ಕೈ ಹಾಕಿ ಜೋರು ಮಾಡಿದರು.

“ಮೆಲ್ಲಕ ರೀ ಅಯ್ಯನವ್ರೇ, ಆಕಿಗಿ ನೋವಾಗ್ತದ!” ಎಂದು ಕೂಗಿಬಿಟ್ಟೆ.

ಸುತ್ತಲಿದ್ದವರೆಲ್ಲ ತಿರುಗಿ ನೋಡಿದರು. ಸತ್ತವಳಿಗೆ ಎಂಥ ನೋವು ಎಂದು ನನಗೂ ಆಗಲೇ ಹೊಳೆದಿತ್ತು. ಮೆಹರುನ್‌ಬಿ ಮಾತ್ರ ನನ್ನ ಪಕ್ಕದಲ್ಲಿ ನಿಂತು ತನ್ನ ಬೆರಳುಗಳನ್ನು ತಾನೇ ನೀವಿಕೊಳ್ಳುತ್ತಿದ್ದಳು.

ಕಸ್ತೂರಕ್ಕ ನೋವಿನಿಂದ ಬಿಡುಗಡೆಯಾದಳು ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ನನಗೆ ಆ ಸಮಾಧಾನ ಬಂದಿಲ್ಲ. ನಾನು ಹೇಳದೆಯೇ ನನ್ನ ನೋವನ್ನು ನಂಬುತ್ತಿದ್ದವರು ಈ ಲೋಕದಲ್ಲಿ ಇಬ್ಬರೇ ಇದ್ದರು. ಈಗ ಒಬ್ಬಳು.