ಅವ್ವ ಎಳೆದ ಗೆರೆ

ಮೊನ್ನೆ ತಮ್ಮನ ಹೊಸ ಕಾರಿನಲ್ಲಿ ಅವ್ವನನ್ನು ಕೂರಿಸಿಕೊಂಡು ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೊರಟಿದ್ದೆ. ಹೈವೇಯಲ್ಲಿ ಸ್ಟಿಯರಿಂಗ್ ಇದ್ದಕ್ಕಿದ್ದಂತೆ ನನ್ನ ಕೈಯನ್ನು ಮೆಲ್ಲಗೆ ಎಡಕ್ಕೆ ಎಳೆಯಿತು. ರಸ್ತೆಯ ಬಿಳಿ ಗೆರೆ ನೋಡಿ ತಾನೇ ದಾರಿ ಸರಿಮಾಡಿಕೊಳ್ಳುತ್ತದಂತೆ ಆ ಕಾರು. ನಾನು ಸ್ಟಿಯರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದೆ. ನಗಬೇಡಿ, ಇಂಥದೇ ಕಾರೊಂದನ್ನು ಕಟ್ಟಿದವಳು ನಾನು. ನಮ್ಮದು ಊಟದ ಡಬ್ಬಿಯಷ್ಟಿತ್ತು, ಅಷ್ಟೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಹಾಸನದ ಕಾಲೇಜಿನಲ್ಲಿ ನಾವೊಂದಷ್ಟು ಜನ ಕ್ಲಬ್ ಮಾಡಿಕೊಂಡಿದ್ದೆವು. ಆಟಿಕೆ ಕಾರಿನ ಮೈ, ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು, ಮೂತಿಯ ಕೆಳಗೆ ಬೆಳಕು ಗುರುತಿಸುವ ಎರಡು ಕಣ್ಣು. ಕಪ್ಪು ನೆಲದ ಮೇಲೆ ಬಿಳಿ ಗೆರೆ ಎಳೆದರೆ, ಯಾರೂ ಮುಟ್ಟದೆ ಅದರ ಮೇಲೇ ಓಡಬೇಕು. ಬಹಳ ದಿನ ಅದಕ್ಕೆ ಗೆರೆಗಿಂತ ಬೆಂಚಿನ ಅಡಿಯೇ ಇಷ್ಟವಾಗಿತ್ತು.

ಈ ಗುಂಗಿನಲ್ಲಿ ನುಗ್ಗೇಹಳ್ಳಿಯ ಕೊನೇ ಬಸ್ಸಿಗೆ ಊರು ಸೇರುವುದು ನನಗೆ ರೂಢಿಯಾಯಿತು. ತೆಂಗಿನ ತೋಟ ನೋಡಿಕೊಂಡಿದ್ದ ಅಪ್ಪ ಕಣ್ಣಾರೆ ಕಂಡದ್ದನ್ನಷ್ಟೇ ನಂಬುವವರು. ಕಾಲೇಜಿನ ಪ್ರದರ್ಶನಕ್ಕೆ ಬಂದು ನೋಡುತ್ತೇನೆ, ಕಾರು ಓಡಿದರೆ ಸರಿ, ಇಲ್ಲದಿದ್ದರೆ ಕ್ಲಬ್ಬು ಗಿಬ್ಬು ಬಿಟ್ಟು ಸಂಜೆಯ ಬಸ್ಸು ಹಿಡಿ ಎಂದರು. ಆ ಕ್ಲಬ್ ಬಿಟ್ಟರೆ ಕಾಲೇಜಿನಲ್ಲಿ ನನಗೆ ಬೇರೆ ಸುಖವೇ ಇರಲಿಲ್ಲ.

ಅಪ್ಪನ ಜೊತೆ ಅವ್ವನೂ ಬಂದಳು. ನಾವೆಲ್ಲ ಅತಿಥಿಗಳನ್ನು ಎದುರುಗೊಳ್ಳಲು ಗೇಟಿಗೆ ಓಡಿದಾಗ, ಶುಭಕಾರ್ಯಕ್ಕೆ ನೆಲ ಬೋಳಾಗಿದೆಯಲ್ಲ ಅನ್ನಿಸಿದೆ ಅವಳಿಗೆ. ಬಾಗಿಲಲ್ಲಿದ್ದ ರಂಗೋಲಿ ಪುಡಿಯ ಡಬ್ಬಿ ತಂದು ನಮ್ಮ ಗೆರೆಗೆ ತಾಗಿಸಿಯೇ ಅಗಲವಾದ ಹೂವಿನ ರಂಗೋಲಿ ಬಿಟ್ಟಿದ್ದಳು. ಗಡಿಬಿಡಿಯಲ್ಲಿ ನಾನದನ್ನು ನೋಡದೆ ಸ್ವಿಚ್ ಒತ್ತಿದೆ. ಕಾರು ಸ್ವಲ್ಪ ದೂರ ನೆಟ್ಟಗೆ ಹೋಗಿ, ರಂಗೋಲಿಗೆ ಹೊರಳಿ, ಒಂದೊಂದೇ ಎಸಳನ್ನು ಸುತ್ತತೊಡಗಿತು. ಅತಿಥಿಗಳು ನಕ್ಕು ಪಕ್ಕದ ಮೇಜಿಗೆ ನಡೆದರು. ನನಗೆ ಅಳುವೇ ಬಂತು. ಅವ್ವ ಬಾಯಿಗೆ ಸೆರಗಿಟ್ಟುಕೊಂಡು ನಿಂತಿದ್ದಳು.

ಅಪ್ಪ ಮಾತ್ರ ಕುಕ್ಕರಗಾಲಲ್ಲಿ ಕೂತು ನೋಡುತ್ತಲೇ ಇದ್ದರು. ಆಮೇಲೆ ಅವ್ವನಿಗೆ ತಮ್ಮ ಕಾಲಬುಡ ತೋರಿಸಿ, “ಇಲ್ಲೀಗಂಟ ಒಂದ್ಗೆರೆ ಎಳಿ, ನೋಡವ,” ಎಂದರು. ಅವ್ವ ಬಗ್ಗಿ ಎಳೆದಳು. ಕಾರು ಮತ್ತೊಂದು ಸುತ್ತು ಹಾಕಿ, ಆ ಗೆರೆ ಹಿಡಿದು ಬಂದು ಅಪ್ಪನ ಚಪ್ಪಲಿಗೆ ಮೂತಿ ತಾಗಿಸಿ ನಿಂತಿತು. ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

“ಕೊನೇ ಬಸ್ಸಿಗೇ ಬಾ ಕಣವ್ವ. ಸ್ಟ್ಯಾಂಡ್ತಾವ ನಾ ನಿಂತಿರ್ತೀನಿ.”

ಇಷ್ಟು ವರ್ಷವೂ ಈ ಕತೆಯನ್ನು ಅವ್ವ ಕೆಡಿಸಿದ ಪ್ರದರ್ಶನದ ಕತೆಯೆಂದೇ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಅವ್ವನೂ ನಗುತ್ತಾಳೆ.

ಮೊನ್ನೆ ಹಿಂದಿನ ಸೀಟಿನಿಂದ ಅವಳು, ಈ ಕಾರೂ ಗೆರೆ ನೋಡಿಕೊಂಡೇ ಹೋಗುತ್ತದಾ ಎಂದು ಕೇಳಿದಳು. ಹೂಂ ಎಂದೆ. ಕಿಟಕಿಗೆ ಮುಖವಿಟ್ಟು ಒಂದಷ್ಟು ದೂರ ರಸ್ತೆಯನ್ನೇ ನೋಡಿದಳು.

“ಬರ್ದೋರು ಸಂದಾಗಿ ಬರ್ದವ್ರೆ ಕಣಮ್ಮಿ,” ಎಂದಳು.

ಗೆರೆ ಎಳೆದವರ ಯೋಚನೆ ನನಗೆ ಅಲ್ಲಿಯತನಕ ಬಂದೇ ಇರಲಿಲ್ಲ. ಸ್ಟಿಯರಿಂಗಿನ ಮೇಲಿನ ಬಿಗಿ ಸಡಿಲಿಸಿದೆ.